ಇವತ್ತಿನ ಎಣ್ಣೆಯ ತಿಪ್ಪೇಸ್ವಾಮಿ

ಹೈದರಾಬಾದಿನ ಕುಷಾಯಿಗೂಡದಲ್ಲಿ ತಿಪ್ಪೇಸ್ವಾಮಿಯ ಮಿರ್ಚಿ ಬಜ್ಜಿಯ ಬಂಡಿ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಸಂಜೆ ನಾಲ್ಕೂವರೆಯ ಮೇಲೆ ಬಸ್ಸಿಳಿದು ಮೂಗು ಹೇಳಿದ ಕಡೆಗೆ ನಡೆದರೆ ಸಾಕು. ಬೇವಿನ ಮರದ ಕೆಳಗೆ ನೀಲಿ ಬಣ್ಣದ ತಳ್ಳುಗಾಡಿ, ಅದರ ಮೇಲೊಂದು ಕಡಾಯಿ, ಕಡಾಯಿಯ ಹಿಂದೆ ಐವತ್ತೆರಡು ವರ್ಷದ, ಕುಳ್ಳಗೆ ದಪ್ಪಗಿರುವ, ಮಾತಿಗೆ ಮೊದಲೇ ನಗುವ ಮನುಷ್ಯ. ಹುಟ್ಟೂರು ಸಿರುಗುಪ್ಪದ ಹತ್ತಿರದ ಹಳ್ಳಿ. ಹದಿನೇಳನೆಯ ವಯಸ್ಸಿಗೆ ಹೈದರಾಬಾದಿಗೆ ಬಂದ. ಮನೆಯಲ್ಲಿ ಕನ್ನಡ, ಗಿರಾಕಿಗಳ ಹತ್ತಿರ ತೆಲುಗು, ಬಂಡಿ ಎತ್ತಿಸಲು ಬರುವ ಪೊಲೀಸರ ಹತ್ತಿರ ಹಿಂದಿ. ಮೂರರಲ್ಲೂ ಅವನು ಸಿರುಗುಪ್ಪದವನೇ.

ಬಂದ ಹೊಸದರಲ್ಲಿ ಅಬಿಡ್ಸಿನ ಒಂದು ಹೋಟೆಲಿನಲ್ಲಿ ಎಂಟು ವರ್ಷ ಕರಿಯುವ ಕೆಲಸ ಮಾಡಿದ್ದ. ಆ ಹೋಟೆಲಿನ ಹೆಸರು ಅವನು ಯಾರಿಗೂ ಹೇಳುವುದಿಲ್ಲ, ನಾವೂ ಕೇಳುವುದು ಬೇಡ. ಅಲ್ಲಿ ಕಡಾಯಿಯ ಎಣ್ಣೆ ಡಾಂಬರಿನ ಬಣ್ಣಕ್ಕೆ ತಿರುಗಿದರೂ ಅದರ ಮೇಲೇ ಹೊಸದು ಸುರಿಯುತ್ತಿದ್ದರು. ಅಮ್ಮಂದಿರು ಮಕ್ಕಳ ಕೈಹಿಡಿದುಕೊಂಡು ಬಂದು, ಬಿಸಿಬಿಸಿ ಕೊಡಿ ಎಂದು ಕೇಳುವರು. ಇವನು ಕರಿದು ಕೊಡುವನು. ಕೈ ಕೆಲಸ ಮಾಡುತ್ತಿತ್ತು, ಮುಖ ಮಾತ್ರ ಬೇರೆ ಕಡೆ ತಿರುಗಿರುತ್ತಿತ್ತು. ಎಂಟು ವರ್ಷ ಹಾಗೆ ಮುಖ ತಿರುಗಿಸಿ ತಿರುಗಿಸಿ ಕುತ್ತಿಗೆ ನೋವು ಬಂತೆಂದು ಅವನೇ ತಮಾಷೆ ಮಾಡುತ್ತಿದ್ದ. ತಮಾಷೆಯೇನಲ್ಲ, ನಾಚಿಕೆ.

ಆದ್ದರಿಂದ ಸ್ವಂತ ಬಂಡಿ ಹಾಕಿದ ದಿನವೇ ಒಂದು ಹಟ ಹಿಡಿದ. ಇವತ್ತು ಕರಿದ ಎಣ್ಣೆ ನಾಳೆ ಒಲೆ ಏರಬಾರದು. ಅದಕ್ಕೆಂದೇ ತಳ ಸಣ್ಣಗಿರುವ ಕಡಾಯಿ ಮಾಡಿಸಿಕೊಂಡ. ಮೂರು ಲೀಟರಿನಿಂದ ಶುರು ಮಾಡಿ, ಇಳಿದಂತೆಲ್ಲ ಹೊಸದನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ, ಏಳು ಗಂಟೆಯ ಮೇಲೆ ಸುರಿಯುವುದನ್ನು ನಿಲ್ಲಿಸಿಬಿಡುವನು. ಕೊನೆಯ ಒಬ್ಬೆ ಕರಿಯುವಾಗ ಮೆಣಸಿನಕಾಯಿ ಅರ್ಧ ಮುಳುಗಿದರೆ ಹೆಚ್ಚು. ಎಂಟಕ್ಕೆ ಉಳಿದ ಒಂದು ಲೀಟರನ್ನು ಎಲ್ಲರ ಕಣ್ಣೆದುರಿಗೆ ಹಳೆಯ ಡಬ್ಬಿಗೆ ಸುರಿದುಬಿಡುವನು. ಮನೆ ಕಟ್ಟುವ ಕಡೆ ಸೆಂಟ್ರಿಂಗ್ ಹಲಗೆಗೆ ಸವರಲೆಂದು ಒಬ್ಬ ಮೇಸ್ತ್ರಿ ಅದನ್ನು ಒಯ್ಯುತ್ತಿದ್ದ. ಆಮೇಲೆ ಕಡಾಯಿ ಬೋರಲು.

ಅವನ ಮೊದಲ ಗಿರಾಕಿ ನರಸಿಂಹರಾಯರು. ಕಲಬುರಗಿ ಕಡೆಯವರು, ಅಲ್ಲೇ ಹತ್ತಿರದ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಅಧಿಕಾರಿ. ಮನೆಯಲ್ಲಿ ಮಡಿ, ಬೀದಿಯಲ್ಲಿ ಮಿರ್ಚಿ, ಎರಡನ್ನೂ ಅಷ್ಟೇ ಶ್ರದ್ಧೆಯಿಂದ ನಡೆಸಿಕೊಂಡು ಬಂದವರು. ಆ ಮೊದಲ ದಿನ ಕಡಾಯಿಯೊಳಗೆ ಇಣುಕಿ ಕೇಳಿದ್ದರು.

"ಏನಪಾ, ಎಣ್ಣಿ ಯಾವತ್ತಿಂದು?"

"ಇವತ್ತಿಂದರಿ, ಸಾಹೇಬ್ರ."

ಮರುದಿನವೂ ಕೇಳಿದರು. ಅದರ ಮರುದಿನವೂ. ಅನುಮಾನ ಹೋಗಿ ಅಭ್ಯಾಸವಾಯಿತು, ಅಭ್ಯಾಸ ಹೋಗಿ ಒಂಥರಾ ನಮಸ್ಕಾರವಾಯಿತು. ಕೆಲಸದಿಂದ ನಿವೃತ್ತರಾದರು, ಎದೆಗೆ ಎರಡು ಸ್ಟೆಂಟ್ ಹಾಕಿಸಿಕೊಂಡರು, ನಾಲ್ಕು ಮಿರ್ಚಿ ಒಂದಕ್ಕಿಳಿಯಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ತಟ್ಟೆ ಹಿಡಿಯುವ ಮೊದಲು ಅವರು ಕೇಳಬೇಕು, ಇವನು ಹೇಳಬೇಕು. ಇಪ್ಪತ್ತೇಳು ವರ್ಷ. ಮನೆಯವರು ಒಂದೂ ತಿನ್ನಬೇಡಿ ಎಂದು ಗದರಿಸಿದಾಗ, "ಬ್ಯಾರೆ ಕಡೆ ತಿನ್ನಂಗಿಲ್ಲ. ತಿಪ್ಪೇಸ್ವಾಮಿ ಎಣ್ಣಿ ಅಂತಂದ್ರ ಡಾಕ್ಟರೂ ತಿಂದಾನು" ಎಂದರಂತೆ. ಇದು ತಿಪ್ಪೇಸ್ವಾಮಿಯ ಕಿವಿಗೆ ಬಿದ್ದ ದಿನ ಅವನು ಮನೆಗೆ ಹೋಗಿ ಹೆಂಡತಿ ಸುಭದ್ರಾಳ ಮುಂದೆ ಮೂರು ಸಲ ಹೇಳಿದ. ಅವಳು ಮೆಣಸಿನಕಾಯಿ ಸೀಳುತ್ತ ಮೂರು ಸಲವೂ ಹೂಂ ಎಂದಳು.

ಇಷ್ಟು ಹೇಳಿದ್ದು ಯಾಕೆಂದರೆ, ಎರಡು ಸಾವಿರದ ಇಪ್ಪತ್ತೆರಡನೆಯ ಇಸವಿಯ ಫೆಬ್ರವರಿಯ ಕೊನೆಗೆ ಉಕ್ರೇನಿನಲ್ಲಿ ಯುದ್ಧ ಶುರುವಾಯಿತು.

ಬಂಡಿಯ ಪಕ್ಕದ ಚಹಾದಂಗಡಿಯಲ್ಲಿ ಟಿವಿ ಇತ್ತು. ಆ ಟಿವಿಯಲ್ಲಿ ನಿರೂಪಕನ ಮೇಜಿನ ಸುತ್ತಲೇ ಟ್ಯಾಂಕುಗಳು ಓಡಾಡುತ್ತಿದ್ದವು, ಹಿಂದೆ ನಗಾರಿ ಮೊಳಗುತ್ತಿತ್ತು. ನಿವೃತ್ತರೆಲ್ಲ ಒಂದೇ ವಾರದಲ್ಲಿ ಸೇನಾಪತಿಗಳಾದರು. ಒಬ್ಬರು ಮಿರ್ಚಿಯನ್ನು ಕ್ಷಿಪಣಿಯ ಹಾಗೆ ಹಿಡಿದು ಯಾವ ಕೋನದಲ್ಲಿ ಹಾರಿಸಬೇಕೆಂದು ತೋರಿಸುವರು, ಇನ್ನೊಬ್ಬರು ಅಲ್ಲ ಎನ್ನುವರು. ಆ ವರ್ಷ ಎಲ್ಲರ ಫೋನಿನಲ್ಲೂ ಕುಣಿಯುತ್ತಿದ್ದ ಒಂದು ತೆಲುಗು ಹಾಡನ್ನು, ಯುದ್ಧಕ್ಕೆ ಮುಂಚೆ, ಅದೇ ದೇಶದ ಅರಮನೆಯ ಅಂಗಳದಲ್ಲಿ ತೆಗೆದಿದ್ದರೆಂದು ಆಟೋದವನೊಬ್ಬ ತೋರಿಸಿದ. ತಿಪ್ಪೇಸ್ವಾಮಿ ಬಗ್ಗಿ ನೋಡಿದ. ಕುಣಿತ ಚೆನ್ನಾಗಿತ್ತು. ಅಂಗಳವೂ ಚೆನ್ನಾಗಿತ್ತು. ಅಂಥ ಅಂಗಳದ ಮೇಲೆ ಬಾಂಬ್ ಬೀಳುವುದೆಂದರೆ ಪಾಪ ಎನ್ನಿಸಿತು. ಅಷ್ಟೇ. ಅದಕ್ಕೂ ತನ್ನ ಕಡಾಯಿಗೂ ಸಂಬಂಧವಿದೆಯೆಂದು ಅವನಿಗೆ ಹೊಳೆದಿರಲಿಲ್ಲ.

ಹೊಳೆಯಿಸಿದವನು ವೈಜನಾಥ. ಬೀದರಿನವನು, ಕಿರಾಣಿ ಅಂಗಡಿ ಇಟ್ಟವನು, ಇವನಿಗೆ ವರ್ಷಗಟ್ಟಲೆ ಎಣ್ಣೆಯ ಡಬ್ಬಿ ಕೊಡುತ್ತ ಬಂದವನು.

"ಡಬ್ಬಿ ಇಲ್ರಿ ತಿಪ್ಪೇಸ್ವಾಮಿ. ಪಾಕೀಟು ಅವ. ಒಬ್ಬರಿಗೆ ಎರಡ."

"ಯಾಕ್ರಿ ಸೇಠ?"

"ಯುದ್ಧ ನಡದೈತಲ್ರಿ."

"ಯುದ್ಧ ಅಲ್ಲಿ ನಡದೈತಿ. ನಾ ಇಲ್ಲಿ ಮಿರ್ಚಿ ಕರಿಯಾಕತ್ತೀನಿ."

"ಸೂರ್ಯಕಾಂತಿ ಎಣ್ಣಿ ಭಾಳಷ್ಟು ಅಲ್ಲಿಂದನ ಬರ್ತೈತಂತ. ಹಡಗ ನಿಂತುಬಿಟ್ಟಾವ."

"ಅಲ್ರೀ, ನಮ್ಮೂರ ತುಂಬ ಸೂರ್ಯಕಾಂತಿ ಬೆಳೀತಿದ್ವಲ್ಲ!"

"ಬೆಳೀತಿದ್ರಿ. ಈಗ ಬೆಳೀತೀರೇನು?"

ತಿಪ್ಪೇಸ್ವಾಮಿ ಎರಡು ಪಾಕೀಟು ಚೀಲಕ್ಕೆ ಹಾಕಿಕೊಂಡ. ಅವನ ಅಣ್ಣನೇ ಹತ್ತು ವರ್ಷದ ಹಿಂದೆ ಅದನ್ನು ಬಿಟ್ಟು ಭತ್ತಕ್ಕೆ ಹೋಗಿದ್ದ. ನೂರ ನಲವತ್ತಕ್ಕೆ ಸಿಗುತ್ತಿದ್ದ ಪಾಕೀಟು ನೂರ ಅರವತ್ತೈದಾಯಿತು, ಉಗಾದಿ ಹತ್ತಿರ ಬರುವಷ್ಟರಲ್ಲಿ ನೂರ ತೊಂಬತ್ತು. ಅದನ್ನು ನೋಡಿ ಗ್ಯಾಸಿಗೂ ಆಸೆಯಾಯಿತು, ಅದೂ ಏರಿತು. ಪೆಟ್ರೋಲು ಏರಿತು. ನಿಂಬೆಹಣ್ಣು ಹತ್ತು ರೂಪಾಯಿಗೊಂದಾಯಿತು. ನಿಂಬೆಹಣ್ಣಿಗೂ ಯುದ್ಧಕ್ಕೂ ಏನು ನೆಂಟಸ್ತನವೋ ಸೇನಾಪತಿಗಳಿಗೂ ಹೇಳಲಾಗಲಿಲ್ಲ.

ತನ್ನ ಕೈಲಾದದ್ದನ್ನೆಲ್ಲ ಅವನು ಮಾಡಿದ. ಮೂವತ್ತಕ್ಕೆ ನಾಲ್ಕು ಇದ್ದದ್ದನ್ನು ನಲವತ್ತಕ್ಕೆ ಮಾಡಿದ, ಗಿರಾಕಿ ಕಡಿಮೆಯಾದರು. ಪಾಮೋಲಿನ್ ವಿಚಾರಿಸಿದ, ಅದೂ ಮೇಲಕ್ಕೆ ಹೋಗಿತ್ತು. ಶೇಂಗಾ ಎಣ್ಣೆ ಮೊದಲಿನಿಂದಲೂ ಕೈಗೆಟುಕುವ ಬೆಲೆಯಲ್ಲಿರಲಿಲ್ಲ. ಸುಭದ್ರಾಳನ್ನು ಒಂದು ಅಂಗಡಿಗೆ, ತಾನು ಇನ್ನೊಂದಕ್ಕೆ, ಹೀಗೆ ಎರಡೆರಡು ಪಾಕೀಟು ಕೂಡಿಸಿದ. ಎರಡು ದಿನ ಎಣ್ಣೆ ಸಾಲದೆ ಆರು ಗಂಟೆಗೇ ಬಂಡಿ ಮುಚ್ಚಿದ. ಮೂರನೆಯ ದಿನ ಮಧ್ಯಾಹ್ನ ಸುಭದ್ರಾ ಈಳಿಗೆಮಣೆ ಪಕ್ಕಕ್ಕಿಟ್ಟು ಮಾತು ತೆಗೆದಳು.

"ಒಂದು ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ದಿನಾ ಒಂದು ಲೀಟರ್ ಚೆಲ್ತೀರಿ."

"ಚೆಲ್ಲೂದಿಲ್ಲ. ಮೇಸ್ತ್ರಿಗೆ ಕೊಡ್ತೀನಿ."

"ಹಲಿಗಿಗೆ ಹಚ್ಚೂದು ಚೆಲ್ಲಿದಂಗ. ಆ ಒಂದು ಲೀಟರ್ ಇಟ್ಕೊಂಡು ಎರಡು ಲೀಟರ್ ಹೊಸಾದು ಹಾಕ್ರಿ. ಯಾರ ಮನಿಯಾಗ ನಿನ್ನಿ ಎಣ್ಣಿ ಸೋಸಿ ಇಡೂದಿಲ್ಲ? ನಿಮ್ಮ ಸಾಹೇಬ್ರ ಮನಿಯಾಗೂ ಹಬ್ಬದ ಎಣ್ಣಿಯಿಂದ ಒಂದು ವಾರ ಒಗ್ಗರಣಿ ಹಾಕ್ತಾರ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಅವನ ಕಷ್ಟ. ತಪ್ಪು ಎನ್ನೋಣವೆಂದರೆ ತಪ್ಪಲ್ಲ, ಎಣ್ಣೆ ಕೆಟ್ಟಿಲ್ಲ, ಯಾರ ಹೊಟ್ಟೆಯೂ ಹಾಳಾಗುವುದಿಲ್ಲ. ಆದರೂ ಅಬಿಡ್ಸಿನ ಆ ಕಡಾಯಿ ಕೂಡ ಹೀಗೆಯೇ ಒಂದು ಲೀಟರಿನಿಂದ ಶುರುವಾಗಿರಬೇಕಲ್ಲ ಎಂದು ಅವನಿಗೆ ಅನ್ನಿಸಿತು. ಅಲ್ಲಿಯ ಮಾಲಕನ ಹೆಂಡತಿಯೂ ಹೀಗೆಯೇ ನ್ಯಾಯವಾದ ಮಾತು ಹೇಳಿರಬೇಕು.

ಅವತ್ತು ಶನಿವಾರ. ಎಂಟಕ್ಕೆ ಮೇಸ್ತ್ರಿ ಬಂದು ನಿಂತ.

"ಇವತ್ತಿಲ್ಲಪಾ" ಎಂದ ತಿಪ್ಪೇಸ್ವಾಮಿ.

ಮೇಸ್ತ್ರಿ ಏನೂ ಕೇಳದೆ ಹೊರಟುಹೋದ. ಅವನಾದರೂ ಯಾಕೆಂದು ಕೇಳಿದ್ದರೆ ಒಂದಷ್ಟು ಜಗಳವಾಡಿ ಹಗುರಾಗುತ್ತಿದ್ದ.

ಭಾನುವಾರ ಬೆಳಗಿನಿಂದ ಅವನು ಒಂದು ಮಾತನ್ನು ಬಾಯಿಪಾಠ ಮಾಡಿದ. ಸಾಹೇಬರು ಕೇಳಿದಾಗ ಹೇಳಬೇಕು: ಅರ್ಧ ನಿನ್ನೀದರಿ, ಅರ್ಧ ಇವತ್ತಿಂದು, ಎಣ್ಣಿ ಸಿಗವಲ್ತು, ನಾಕು ದಿನ ತಡಕೊಳ್ರಿ. ಸುಭದ್ರಾಳ ಮುಂದೆ ಹೇಳಿ ನೋಡಿದ. ಅರ್ಧ ಅಲ್ಲ, ಮೂರರಾಗ ಒಂದು ಪಾಲು ಅನ್ನಿರಿ ಎಂದು ಅವಳು ತಿದ್ದಿದಳು. ಅದನ್ನೂ ಸೇರಿಸಿಕೊಂಡ. ಸ್ನಾನ ಮಾಡುವಾಗ ಹೇಳಿಕೊಂಡ, ಬಂಡಿ ತಳ್ಳುವಾಗ ಹೇಳಿಕೊಂಡ. ಹೇಳಿಬಿಟ್ಟರೆ ಮುಗಿಯಿತು, ಅವರು ತಿನ್ನಲಿ ಬಿಡಲಿ, ಮುಖ ಎತ್ತಿಕೊಂಡು ನಿಲ್ಲಬಹುದು.

ಆದರೆ ಅವತ್ತು ನರಸಿಂಹರಾಯರು ಬರುವ ಮೊದಲೇ ಬಂಡಿಯ ಮುಂದೆ ಒಂದು ಹುಡುಗಿ ಫೋನ್ ಹಿಡಿದು ನಿಂತಿದ್ದಳು. ಅನ್ವಿತಾ ಎಂದು ಹೆಸರು. ಮೈಸೂರಿನವಳು, ಮಾದಾಪುರದಲ್ಲಿ ಕೆಲಸ. ಭಾನುವಾರಗಳಲ್ಲಿ ಊರೂರು ಅಲ್ಲ, ಗಲ್ಲಿಗಲ್ಲಿ ಸುತ್ತಿ ತಿಂಡಿಯ ವಿಡಿಯೋ ಹಾಕುವ ಹುಚ್ಚು. ಬಂಡಿಯವನು ಕನ್ನಡದವನೆಂದು ತಿಳಿದು ಖುಷಿಯಾಗಿ ಮೆಟ್ರೋ, ಬಸ್ಸು ಎಲ್ಲ ಹತ್ತಿ ಬಂದಿದ್ದಳು. ಒಳ್ಳೆಯ ಹುಡುಗಿ. ತಪ್ಪು ಅವಳದೂ ಅಲ್ಲ.

ನರಸಿಂಹರಾಯರು ಕೊಡೆಯೂರಿಕೊಂಡು ಬಂದರು. ಬಂದವರೇ ಎಂದಿನಂತೆ ಕೇಳಿದರು.

"ಏನಪಾ ತಿಪ್ಪೇಸ್ವಾಮಿ, ಎಣ್ಣಿ ಯಾವತ್ತಿಂದು?"

"ಇವತ್ತಿಂದರಿ, ಸಾಹೇಬ್ರ."

ಬೆಳಗಿನಿಂದ ಬಾಯಿಪಾಠ ಮಾಡಿದ್ದು ಅದಲ್ಲ. ಇಪ್ಪತ್ತೇಳು ವರ್ಷ ಒಂದೇ ಉತ್ತರ ಹೇಳಿದ ನಾಲಿಗೆ, ಅವನನ್ನು ಕೇಳದೆಯೇ ಹೇಳಿಬಿಟ್ಟಿತು. ಅವನು ಝಾರಿಯಿಂದ ಕಡಾಯಿಯ ಮಿರ್ಚಿಗಳನ್ನು ಮಗುಚಿದ. ತಕ್ಷಣವೇ, ಅಲ್ರಿ ಸಾಹೇಬ್ರ, ಎಂದು ತಿದ್ದಬಹುದಾಗಿತ್ತು. ತಿದ್ದುತ್ತಲೂ ಇದ್ದನೇನೋ. ಅಷ್ಟರಲ್ಲಿ ಅನ್ವಿತಾ ಚಪ್ಪಾಳೆ ತಟ್ಟಿದಳು.

"ಅಯ್ಯೋ, ಎಷ್ಟ್ ಚೆನ್ನಾಗಿತ್ತು! ಏನದು, ದಿನಾ ಹೀಗೇ ಕೇಳ್ತೀರಾ?"

"ಇಪ್ಪತ್ತೇಳು ವರ್ಷಾತವ್ವಾ, ದಿನಾ ಕೇಳ್ತೀನಿ" ಎಂದರು ನರಸಿಂಹರಾಯರು. ಕೇಳುವವರು ಸಿಕ್ಕರೆ ಅವರಿಗೆ ಮಾತು ಸಾಲದು. ಇವನ ಹಟ, ಎಂಟು ಗಂಟೆಗೆ ಎಣ್ಣೆ ಸುರಿಯುವುದು, ತಮ್ಮ ಎರಡು ಸ್ಟೆಂಟು, ಎಲ್ಲ ಹೇಳಿದರು. "ಇವನ ಮಾತಿನ ಮ್ಯಾಲ ನಾ ತಿನ್ನೂದು, ನೋಡು."

"ಅಂಕಲ್, ಇನ್ನೊಂದ್ ಸಲ ಕೇಳ್ತೀರಾ? ಪ್ಲೀಸ್. ವಿಡಿಯೋ ಆನ್ ಇರ್ಲಿಲ್ಲ."

ಅವರು ಕೊಡೆ ಪಕ್ಕಕ್ಕಿಟ್ಟು, ಅಂಗಿ ಸರಿಮಾಡಿಕೊಂಡು ಕೇಳಿದರು. ಸುತ್ತಲಿನ ಸೇನಾಪತಿಗಳೆಲ್ಲ ಯುದ್ಧ ಬಿಟ್ಟು ಇವನನ್ನೇ ನೋಡುತ್ತಿದ್ದರು. ಇಷ್ಟು ಜನರ ಮುಂದೆ, ಕ್ಯಾಮೆರಾದ ಮುಂದೆ, ಆ ಮುದುಕರನ್ನು ಪೆಚ್ಚು ಮಾಡಿ, ನಿನ್ನೀದರಿ ಎನ್ನುವುದು ಹೇಗೆ? ತಿಪ್ಪೇಸ್ವಾಮಿ ಹೇಳಿದ. ಅಷ್ಟರಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು.

"ಸಾರಿ, ಸೌಂಡ್ ಸರಿಯಾಗ್ ಬರ್ಲಿಲ್ಲ. ಲಾಸ್ಟ್ ಟೈಮ್."

ಮೂರನೆಯ ಸಲ ಕೇಳುವಾಗ ನರಸಿಂಹರಾಯರು ಅವನ ಮುಖ ನೋಡಲಿಲ್ಲ. ಕಡಾಯಿಯೊಳಗೆ ನೋಡುತ್ತ ಕೇಳಿದರು. ಹೊಸ ಎಣ್ಣೆಯಾದರೆ ಮೊದಲ ಒಬ್ಬೆಗೆ ತಳ ಕಾಣುತ್ತದೆ. ಅವತ್ತು ಕಾಣುತ್ತಿರಲಿಲ್ಲ. ತಿಪ್ಪೇಸ್ವಾಮಿ ಅದನ್ನೂ ಗಮನಿಸದೆ, ಈ ಹುಡುಗಿ ಒಮ್ಮೆ ಹೋದರೆ ಸಾಕೆಂದು, ಇವತ್ತಿಂದರಿ ಸಾಹೇಬ್ರ ಎಂದ. ಅವರು ತಮ್ಮ ಒಂದು ಮಿರ್ಚಿ ತಿಂದು, ಹಣ ಕೊಟ್ಟು, ಕೊಡೆ ತೆಗೆದುಕೊಂಡು ಹೋದರು.

ಆ ವಿಡಿಯೋ ನಾಲ್ಕೇ ದಿನದಲ್ಲಿ ಐದು ಲಕ್ಷ ಜನ ನೋಡಿದರಂತೆ. ಸುಭದ್ರಾ ಮಗಳ ಫೋನಿನಲ್ಲಿ ಎರಡು ಸಲ ಹಾಕಿ ನೋಡಿದಳು.

"ಛಂದ ಬಂದೈತಿ. ಆದ್ರ ಉತ್ತರ ಹೇಳೂವಾಗ ಮುಖ ಯಾಕ ಆ ಕಡೆ ತಿರುಗಿಸೀರಿ?"

ತಿಪ್ಪೇಸ್ವಾಮಿ ಊಟದ ತಟ್ಟೆಯಿಂದ ಎದ್ದುಬಿಟ್ಟ. ಹೊಟ್ಟೆ ಸರಿಯಿಲ್ಲ ಎಂದ.

ಮುಂದಿನದನ್ನು ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ. ಉಪ್ಪಲ್‌ನಿಂದ, ತಾರ್ನಾಕಾದಿಂದ, ಎಲ್ಲೆಲ್ಲಿಂದಲೋ ಜನ ಬಂದರು. ಬಂದವರೆಲ್ಲ ಮೊದಲು ಫೋನ್ ಎತ್ತುವರು, ಆಮೇಲೆ ನಗುತ್ತ ಸಾಹೇಬರ ಆ ಪ್ರಶ್ನೆಯನ್ನೇ ತಮ್ಮ ತಮ್ಮ ಭಾಷೆಯಲ್ಲಿ ಕೇಳುವರು. "ನೂನೆ ಎಪ್ಪಟಿದಿ ಅನ್ನಾ?" "ತೇಲ್ ಕಬ್ ಕಾ ಹೈ ಚಾಚಾ?" ಇವತ್ತಿನದು ಎನ್ನುವವರೆಗೆ ತಟ್ಟೆ ಮುಟ್ಟರು. ಜನ ಹೆಚ್ಚಾದಂತೆ ಎಣ್ಣೆ ಹೆಚ್ಚು ಬೇಕು. ಅಂಗಡಿಯಲ್ಲಿ ಮಾತ್ರ ಒಬ್ಬರಿಗೆ ಎರಡೇ ಪಾಕೀಟು. ನಿನ್ನೆಯದಕ್ಕೆ ಇವತ್ತಿನದು ಬೆರೆಯಿತು, ಅದಕ್ಕೆ ನಾಳೆಯದು. ಮೇಸ್ತ್ರಿ ಆ ಕಡೆ ಬರುವುದನ್ನೇ ಬಿಟ್ಟ. ಎಣ್ಣೆ ಡಾಂಬರಿನ ಬಣ್ಣಕ್ಕೇನೂ ತಿರುಗಲಿಲ್ಲ, ಅಷ್ಟರ ಮಟ್ಟಿಗೆ ತಿಪ್ಪೇಸ್ವಾಮಿ ಕೈ ಬಿಗಿಹಿಡಿದ. ಚಹಾದ ಬಣ್ಣದ ಹತ್ತಿರ ನಿಲ್ಲಿಸಿದ. ಯಾರಿಗೂ ಏನೂ ಗೊತ್ತಾಗಲಿಲ್ಲ. ಮೊದಲಿಗಿಂತ ಗರಿಗರಿ ಎಂದವರೂ ಇದ್ದರು. ಅದನ್ನು ಕೇಳಿದಾಗ ಅವನಿಗೆ ಅಳು ಬರುವ ಹಾಗಾಗುತ್ತಿತ್ತು. ಇಷ್ಟು ವರ್ಷ ಯಾರ ಸಲುವಾಗಿ ಆ ಲೀಟರು ಲೀಟರು ಎಣ್ಣೆ ಸುರಿದೆನೋ ಎಂದುಕೊಳ್ಳುವನು.

ಒಂದು ದಿನ ತಡೆಯಲಾರದೆ ಒಬ್ಬ ಹುಡುಗನಿಗೆ ನಿಜ ಹೇಳಿಯೂ ಬಿಟ್ಟ. ನಿನ್ನೆಯದು ಎಂದ. ಆ ಹುಡುಗ ಬಿದ್ದು ಬಿದ್ದು ನಕ್ಕು, ಚಾಚಾ ಜೋಕ್ ಮಾಡುತ್ತಾರೆ ಎಂದು ಅದನ್ನೂ ವಿಡಿಯೋ ಮಾಡಿಕೊಂಡು ಹೋದ. ಸುಳ್ಳು ಹೇಳಿದರೆ ನಂಬುವರು, ನಿಜ ಹೇಳಿದರೆ ನಗುವರು. ಇಂಥವರ ಕೈಯಲ್ಲಿ ಸಿಕ್ಕಿಕೊಂಡ ಮೇಲೆ ಮನುಷ್ಯ ಮಾಡುವುದಾದರೂ ಏನು? ಟಿವಿಯಲ್ಲಿ ಯುದ್ಧ ಮುಂದುವರಿದಿತ್ತು. ನಗಾರಿ ಮಾತ್ರ ನಿಂತಿತ್ತು, ಜನಕ್ಕೆ ಬೇಸರ ಬಂದಿತ್ತು.

ಆಷಾಢದ ಹೊತ್ತಿಗೆ ವಿಡಿಯೋ ನೋಡಿದವರು ಬೇರೆ ವಿಡಿಯೋಗಳಿಗೆ ಹೋದರು. ಅದರ ಹಿಂದೆಯೇ ಎಣ್ಣೆಯ ಬೆಲೆ ಇಳಿಯತೊಡಗಿತು. ಶ್ರಾವಣದಲ್ಲಿ ವೈಜನಾಥ ತಾನಾಗಿಯೇ ಕರೆದು ಡಬ್ಬಿ ಕೊಟ್ಟ. ತಿಪ್ಪೇಸ್ವಾಮಿ ಹಳೆಯದನ್ನೆಲ್ಲ ಸುರಿದು, ಕಡಾಯಿಯನ್ನು ಬೂದಿ ಹಾಕಿ ಎರಡು ಸಲ ಉಜ್ಜಿ, ಹೊಸ ಎಣ್ಣೆ ಹಾಕಿದ. ತಳ ಕಂಡಿತು. ತಳದಲ್ಲಿ ಕಡಾಯಿ ಮಾಡಿದವನ ಸುತ್ತಿಗೆಯ ಗುರುತುಗಳೂ ಕಂಡವು. ಬಹಳ ದಿನದ ಮೇಲೆ ಅವನಿಗೆ ಹಸಿವಾಯಿತು.

ಅವತ್ತು ಮಳೆ ಹನಿಯುತ್ತಿತ್ತು. ಬಂಡಿಯ ಮುಂದೆ ಬೇರೆ ಯಾರೂ ಇರಲಿಲ್ಲ. ನರಸಿಂಹರಾಯರು ಕೊಡೆ ಮಡಚಿಕೊಂಡು ಬಂದರು. ಈ ನಾಲ್ಕು ತಿಂಗಳಲ್ಲಿ ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ದಿನವೂ ಬರುತ್ತಿದ್ದರು, ಒಂದು ಮಿರ್ಚಿ ತಿನ್ನುತ್ತಿದ್ದರು, ನಿಂಬೆಹಣ್ಣಿನ ಬೆಲೆ ಮಾತಾಡಿ ಹೋಗುತ್ತಿದ್ದರು. ತಿಪ್ಪೇಸ್ವಾಮಿ ತಟ್ಟೆಗೆ ಮಿರ್ಚಿ ಹಾಕಿ, ಕೈಯಲ್ಲೇ ಹಿಡಿದುಕೊಂಡು, ಕಾದ. ಅವರು ಕೇಳಲಿ ಎಂದು ಕಾದ.

ಅವರು ತಟ್ಟೆಗೆ ಕೈ ಚಾಚಿದರು.

ಆಗ ಅವನಿಗೆ ನೆನಪಾಯಿತು. ನಿನ್ನೆಯೂ ಅವರು ಕೇಳಿರಲಿಲ್ಲ. ಮೊನ್ನೆಯೂ ಇಲ್ಲ. ಊರೆಲ್ಲ ಕೇಳುವ ಗದ್ದಲದಲ್ಲಿ ಈ ಒಂದು ದನಿ ಇಲ್ಲವಾದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಹಿಂದಕ್ಕೆ, ಹಿಂದಕ್ಕೆ ಯೋಚಿಸಿದ. ಆ ಭಾನುವಾರ ಮೂರನೆಯ ಸಲ ಕೇಳಿದ್ದೇ ಕೊನೆ.

"ಸಾಹೇಬ್ರ" ಎಂದ. "ಕೇಳೂದು ಬಿಟ್ರಲ್ರಿ."

ನರಸಿಂಹರಾಯರು ಮಿರ್ಚಿಯ ಮೇಲೆ ಊದಿದರು. ಬೈಯುತ್ತಾರೇನೋ ಎಂದು ತಿಪ್ಪೇಸ್ವಾಮಿ ಕಾದ. ಬೈದರೆ ಒಳ್ಳೆಯದಿತ್ತು.

"ಕೇಳಿದ್ರ ನೀ ಹೇಳಬೇಕಾಗ್ತದಲ್ಲಪಾ" ಎಂದರು ಮೆಲ್ಲಗೆ. "ಅದಕ್ಕ ಬಿಟ್ಟೆ. ತುಟ್ಟಿ ಕಾಲ ಅದ. ನಿನಗ್ಯಾಕ ತ್ರಾಸ ಕೊಡ್ಲಿ?"

ಎಲ್ಲ ಗೊತ್ತಿದ್ದೂ, ಎದೆಯಲ್ಲಿ ಎರಡು ಸ್ಟೆಂಟ್ ಇಟ್ಟುಕೊಂಡು, ನಾಲ್ಕು ತಿಂಗಳು ತಿಂದಿದ್ದರು. ತನ್ನಿಂದ ಸುಳ್ಳು ಹೇಳಿಸಬಾರದೆಂದು ಬಾಯಿ ಮುಚ್ಚಿಕೊಂಡು ತಿಂದಿದ್ದರು. ತಿಪ್ಪೇಸ್ವಾಮಿಗೆ ಅವರ ಕಾಲು ಹಿಡಿಯಬೇಕೆನ್ನಿಸಿತು. ಕೈಯೆಲ್ಲ ಕಡಲೆಹಿಟ್ಟು. ಸುಮ್ಮನೆ ಝಾರಿಯನ್ನು ಕಡಾಯಿಯ ಅಂಚಿಗೆ ಆನಿಸಿ ಅವರ ಮುಖವನ್ನೇ ನೋಡಿದ.

"ಇವತ್ತಿಂದರಿ, ಸಾಹೇಬ್ರ" ಎಂದ. ಅವರು ಮಿರ್ಚಿಯ ಮೇಲೆ ಇನ್ನೊಮ್ಮೆ ಊದಿದರು. ಕಡಾಯಿಯ ಕಡೆಗೆ ನೋಡಲಿಲ್ಲ. ಅವನು ಇನ್ನೊಮ್ಮೆ ಹೇಳಿದ.

"ಇವತ್ತಿಂದರಿ. ಖರೇನ ಇವತ್ತಿಂದು."

ಇಪ್ಪತ್ತೇಳು ವರ್ಷದಲ್ಲಿ ಆ ಉತ್ತರಕ್ಕೆ ಅವನು 'ಖರೇನ' ಎಂದು ಸೇರಿಸಿದ್ದು ಅದೇ ಮೊದಲು. ನರಸಿಂಹರಾಯರು ತಲೆಯಾಡಿಸಿ, "ಇರ್ಲಿ ಬಿಡು" ಎಂದು ಮಿರ್ಚಿ ಕಚ್ಚಿದರು.